ಮೇಷ್ಟ್ರಾಗಿ ಹೊರಟು ಶಾಂತಿದೂತರಾದ ಡಾ. ರಾಲ್ಫ್ ಬಂಚ್

ನಾಲ್ಕು ಜನ ಕೈಲಾದಷ್ಟು ಕೂಡಿಸಿದ ದುಡ್ಡು ಒಬ್ಬನ ಬಾಳನ್ನು ಎಲ್ಲಿಗೆ ಮುಟ್ಟಿಸೀತು? ಸಂಘ ಕಟ್ಟಿಕೊಂಡಿರುವ ನಾವು ಆಗಾಗ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಬೆಳ್ಳಿಹಬ್ಬದ ಈ ಸುಸಂದರ್ಭದಲ್ಲಿ ಅಮೆರಿಕದ ಒಬ್ಬ ರಾಜ್ಯಶಾಸ್ತ್ರದ ಮೇಷ್ಟ್ರ ಜೀವನವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ರಾಲ್ಫ್ ಬಂಚ್ ಹುಟ್ಟಿದ್ದು ಡೆಟ್ರಾಯಿಟ್ ನಗರದ ಕಪ್ಪು ಜನಾಂಗದ ಬಡ ಮನೆಯಲ್ಲಿ. ತಂದೆಯದು ಕ್ಷೌರಿಕ ವೃತ್ತಿ. 1917ರಲ್ಲಿ ತಾಯಿ ತೀರಿಕೊಂಡರು, ತಂದೆಯೂ ದೂರವಾದರು. ಅಜ್ಜಿ ಲೂಸಿ ಜಾನ್ಸನ್ ಹುಡುಗನನ್ನೂ ಅವನ ತಂಗಿಯನ್ನೂ ಲಾಸ್ ಏಂಜಲೀಸ್‌ಗೆ ಕರ್ಕೊಂಡು ಹೋಗಿ ಸಾಕಿದರು. ಹುಡುಗ ಓದಲೇಬೇಕು ಅನ್ನೋದು ಆಕೆಯ ಹಟ. 1922ರಲ್ಲಿ ಹೈಸ್ಕೂಲಿಗೇ ಮೊದಲಿಗನಾದರೂ ಜಾಣ ವಿದ್ಯಾರ್ಥಿಗಳ ಗೌರವ ಸಂಘಕ್ಕೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಕಾರಣ ಮೈಬಣ್ಣ. ಕಾಲೇಜಿನಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಲೇ 1927ರಲ್ಲಿ ಉನ್ನತ ದರ್ಜೆಯಲ್ಲಿ ಪದವಿ ಪಡೆದರು.

ಹಾರ್ವರ್ಡ್ ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ ಕೊಟ್ಟಿತು. ಆದರೆ ಅಷ್ಟು ದೂರ ಹೋಗಿ ಇರೋದಕ್ಕೆ ದುಡ್ಡೆಲ್ಲಿ? ಆಗ ಲಾಸ್ ಏಂಜಲೀಸಿನ ಕಪ್ಪು ಮಹಿಳೆಯರ ಕ್ಲಬ್ಬೊಂದು ಹಣ ಸಂಗ್ರಹಿಸಿ 1,000 ಡಾಲರ್ ಅವರ ಕೈಗಿಟ್ಟಿತು. ಆ ಹೆಂಗಸರೂ ಅನುಕೂಲಸ್ಥರ ದೇಶದಲ್ಲಿ ಹಿಂದೆ ತಳ್ಳಲ್ಪಟ್ಟ ಜನರೇ ಎಂಬುದನ್ನು ನಾವು ಮರೆಯಬಾರದು.

1928ರಲ್ಲಿ ಎಂ.ಎ. ಮುಗಿಸಿದ ಬಂಚ್ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯ ಸೇರಿ, ಅಲ್ಲಿ ರಾಜ್ಯಶಾಸ್ತ್ರ ವಿಭಾಗವನ್ನು ಕಟ್ಟಿದರು. ಆಫ್ರಿಕದಲ್ಲಿ ಫ್ರೆಂಚರ ಆಡಳಿತವನ್ನು ಅಭ್ಯಾಸ ಮಾಡಿ 1934ರಲ್ಲಿ ಡಾಕ್ಟರೇಟ್ ಪಡೆದರು. ಪಾಠ ಹೇಳಿ ಮನೆಗೆ ಹೋಗುವ ಮೇಷ್ಟ್ರು ಅವರಾಗಲಿಲ್ಲ. 1936ರಲ್ಲಿ ತಮ್ಮ ಜನರ ಹಕ್ಕಿಗಾಗಿ ಹುಟ್ಟಿದ ರಾಷ್ಟ್ರೀಯ ನೀಗ್ರೋ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರಾದರು. ಸ್ವೀಡನ್ನಿನ ವಿದ್ವಾಂಸ ಗುನ್ನಾರ್ ಮಿರ್ಡಾಲ್ ನಡೆಸಿದ ವರ್ಣಭೇದದ ದೊಡ್ಡ ಅಧ್ಯಯನದಲ್ಲೂ ದುಡಿದರು.

1945ರಲ್ಲಿ ವಿಶ್ವಸಂಸ್ಥೆಯ ಸನ್ನದು ರೂಪಿಸುವ ಕೆಲಸದಲ್ಲಿ ಭಾಗಿಯಾಗಿ, ಮುಂದೆ ಆ ಸಂಸ್ಥೆಯನ್ನೇ ಸೇರಿದರು. 1948ರ ಸೆಪ್ಟೆಂಬರ್ 17ರಂದು ಜೆರುಸಲೇಮಿನಲ್ಲಿ ವಿಶ್ವಸಂಸ್ಥೆಯ ಸಂಧಾನಕಾರ ಬರ್ನಡಾಟ್ ಅವರ ಕೊಲೆಯಾಯಿತು. ಆ ಭಾರ ಬಂಚ್ ಹೆಗಲಿಗೆ ಬಿತ್ತು. ರೋಡ್ಸ್ ದ್ವೀಪದಲ್ಲಿ ಹಗಲು ರಾತ್ರಿ ಕೂತು, ಪರಸ್ಪರ ಮುಖ ನೋಡಲು ಒಲ್ಲದವರ ನಡುವೆ ಮಾತು ಬೆಳೆಸಿದರು. 1949ರ ಫೆಬ್ರವರಿಯಿಂದ ಜುಲೈ ಒಳಗೆ ಈಜಿಪ್ಟ್, ಲೆಬನಾನ್, ಜೋರ್ಡಾನ್, ಸಿರಿಯಾ ನಾಲ್ಕೂ ಇಸ್ರೇಲಿನೊಡನೆ ಕದನವಿರಾಮಕ್ಕೆ ಸಹಿ ಹಾಕಿದವು. 1950ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಈ ಗೌರವ ಪಡೆದ ಕಪ್ಪು ಜನಾಂಗದವರಲ್ಲಿ ಅವರೇ ಮೊದಲಿಗರು.

ಇಷ್ಟಾದರೂ ತಾರತಮ್ಯ ತಪ್ಪಲಿಲ್ಲ ನೋಡಿ. 1949ರಲ್ಲಿ ಸರ್ಕಾರ ದೊಡ್ಡ ಹುದ್ದೆಗೆ ಕರೆದಾಗ, ವಾಷಿಂಗ್ಟನ್ನಿನ ವರ್ಣಭೇದದ ನಡುವೆ ಮತ್ತೆ ಸಂಸಾರ ಮಾಡಲಾರೆನೆಂದು ಒಲ್ಲೆ ಎಂದರು. 1959ರಲ್ಲಿ ನ್ಯೂಯಾರ್ಕಿನ ಟೆನಿಸ್ ಕ್ಲಬ್ಬೊಂದು ಅವರಿಗೂ ಮಗನಿಗೂ ಸದಸ್ಯತ್ವವಿಲ್ಲವೆಂದಿತು. ಗದ್ದಲವಾದ ಮೇಲೆ ಕ್ಷಮೆ ಕೇಳಿ ಕರೆಯಿತು. ಬಂಚ್ ಹೋಗಲಿಲ್ಲ. ದೊಡ್ಡ ಹೆಸರಿದ್ದ ತಮಗೆ ತೆರೆದ ಬಾಗಿಲು ಸಾಮಾನ್ಯರಿಗೆ ತೆರೆಯಲಿಲ್ಲವಲ್ಲ ಎಂಬುದು ಅವರ ನಿಲುವು. 1965ರಲ್ಲಿ, ಆರೋಗ್ಯ ಸರಿಯಿಲ್ಲದಿದ್ದರೂ, ಕಪ್ಪು ಜನರ ಮತದಾನದ ಹಕ್ಕಿಗಾಗಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ಸೆಲ್ಮಾದಲ್ಲಿ ಹೆಜ್ಜೆ ಹಾಕಿದರು. 1971ರ ಡಿಸೆಂಬರ್ 9ರಂದು ನ್ಯೂಯಾರ್ಕಿನಲ್ಲಿ ನಿಧನರಾದರು.

ಬಂಚ್ ಹೆಸರನ್ನು ಜಗತ್ತು ಬಲ್ಲದು. ಅವರನ್ನು ಓದಲು ಕಳಿಸಿದ ಆ ಹೆಂಗಸರ ಹೆಸರು ಬಲ್ಲವರು ಎಷ್ಟು ಜನ? ನಮ್ಮೂರಿನ ಜಾಣ ಮಗುವೊಂದು ದುಡ್ಡಿಲ್ಲದೆ ಓದು ಬಿಟ್ಟು ಮನೆಯಲ್ಲಿ ಕೂತಿದ್ದರೆ, ಮುಂದಿನ ಮಹಾಸಭೆಯಲ್ಲಿ ಆ ಮಾತನ್ನೂ ಎತ್ತೋಣ.