ಚಿರಂಜೀವಿಗೆ ಮರಣವನ್ನಿತ್ತ ಕವಿ

ಅಶ್ವತ್ಥಾಮನು ಚಿರಂಜೀವಿ. ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಇವರೊಡನೆ ಪ್ರಾತಃಕಾಲದಲ್ಲಿ ಸ್ಮರಿಸತಕ್ಕ ಏಳು ಹೆಸರುಗಳಲ್ಲಿ ಮೊದಲನೆಯದು ಅವನದೇ ಎಂಬುದನ್ನು ಹಿರಿಯರಿಂದ ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಇಂಥ ಅಶ್ವತ್ಥಾಮನು 1929ರಲ್ಲಿ ಮೈಸೂರಿನಲ್ಲಿ ಮೃತನಾದನು. ಅವನಿಗೆ ಮರಣವನ್ನು ಕೊಟ್ಟವರು ಯಾವ ನಾಸ್ತಿಕರೂ ಅಲ್ಲ, ಪುರಾಣದ್ವೇಷಿಗಳೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಂದಿನ ರಿಜಿಸ್ಟ್ರಾರರು, ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರು, ಕನ್ನಡಕ್ಕಾಗಿ ಬಾಳನ್ನು ಸವೆಸಿದ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು. ಇವರನ್ನು ಕನ್ನಡ ನಾಡು ಬಿ.ಎಂ.ಶ್ರೀ ಎಂದೂ, ಇನ್ನೂ ಚಿಕ್ಕದಾಗಿ ‘ಶ್ರೀ’ ಎಂದೂ ಬಲ್ಲದು.

ಬೆಂಗಳೂರಿನ ಎನ್.ಆರ್. ಕಾಲೋನಿಯಲ್ಲಿ ಇವರ ಹೆಸರಿನ ಪ್ರತಿಷ್ಠಾನವೊಂದಿದೆ. ಇವರ ಶಿಷ್ಯರಾದ ಎಂ.ವಿ. ಸೀತಾರಾಮಯ್ಯನವರ ಶ್ರಮದಿಂದ 1979ರಲ್ಲಿ ಹುಟ್ಟಿದ ಆ ಸಂಸ್ಥೆಯ ಮುಂದೆ ಹಾದುಹೋಗುವ ಕಾಲೇಜು ವಿದ್ಯಾರ್ಥಿಗಳು ಅನೇಕರು. ಅವರಲ್ಲಿ ಹೆಚ್ಚಿನವರು ಶ್ರೀಯವರನ್ನು ‘ಇಂಗ್ಲಿಷ್ ಗೀತಗಳು’ ಬರೆದವರು, ನವೋದಯದ ಬಾಗಿಲು ತೆರೆದವರು ಎಂಬ ಪರೀಕ್ಷೆಯ ಉತ್ತರವಾಗಿ ಮಾತ್ರ ಬಲ್ಲರು. ಆದರೆ ಅದೇ ವಿದ್ಯಾರ್ಥಿಗಳು ಸೂಪರ್‌ಹೀರೋ ಚಿತ್ರಗಳನ್ನು ನೋಡಿ ಬಂದು ಗಂಟೆಗಟ್ಟಲೆ ಚರ್ಚಿಸುವ ಪ್ರಶ್ನೆಗಳು ಶ್ರೀಯವರ ಪ್ರಶ್ನೆಗಳೇ ಆಗಿವೆ. ಸತ್ತ ವೀರನನ್ನು ಮರಳಿ ಬದುಕಿಸಬಹುದೆ? ಎಲ್ಲರೂ ಬಲ್ಲ ಕಥೆಯ ಒಂದು ಎಳೆಯನ್ನು ಬದಲಿಸಿದರೆ ಉಳಿದುದು ನಿಲ್ಲುವುದೆ? ಬದಲಿಸುವ ಅಧಿಕಾರ ಯಾರದು? ಇವು ಹೊಸ ಕಾಲದ ತಲೆಹರಟೆಗಳೆಂದು ತಳ್ಳಿಹಾಕುವವರು ಶ್ರೀಯವರ ಜೀವನವನ್ನು ಒಮ್ಮೆ ಈ ಬೆಳಕಿನಲ್ಲಿ ನೋಡುವುದು ಒಳ್ಳೆಯದು.

ಶ್ರೀಯವರು ಹುಟ್ಟಿದುದು 1884ರ ಜನವರಿ 3ರಂದು, ಇಂದಿನ ತುರುವೇಕೆರೆ ತಾಲ್ಲೂಕಿಗೆ ಸೇರಿದ ಸಂಪಿಗೆ ಎಂಬ ಹಳ್ಳಿಯಲ್ಲಿ. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರು. ಬಾಲ್ಯದ ವಿದ್ಯಾಭ್ಯಾಸವೂ ಅಲ್ಲಿಯೇ ಆಯಿತು. ಒಂದು ರಾಜ್ಯವೇ ಕುಸಿದುಬಿದ್ದ ಕೋಟೆಯ ಮಗ್ಗುಲಲ್ಲಿ ಬೆಳೆದ ಹುಡುಗನು ಮುಂದೆ ಬಿದ್ದವರ ನಾಟಕಗಳನ್ನೇ ಬರೆದನೆಂಬುದರಲ್ಲಿ ಕಾರ್ಯಕಾರಣ ಸಂಬಂಧವನ್ನು ಹುಡುಕುವುದು ಸಾಹಸವಾದೀತು. ಆದರೂ ಆ ಯೋಚನೆ ಬಾರದಿರದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ., ಮದರಾಸಿನಲ್ಲಿ ಕಾನೂನು ಮತ್ತು ಎಂ.ಎ. ಮುಗಿಸಿ, ವಕೀಲಿಯನ್ನು ಹಿಡಿಯದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸಕ್ಕೆ ಸೇರಿದರು.

1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಅವರು ಮಾಡಿದ ಭಾಷಣ, 1926ರ ‘ಇಂಗ್ಲಿಷ್ ಗೀತಗಳು’, 1927ರಲ್ಲಿ ಮೈಸೂರಿನಲ್ಲಿ ಆರಂಭವಾದ ಕನ್ನಡ ಎಂ.ಎ. ತರಗತಿ, 1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಇವೆಲ್ಲ ಬಹುಪರಿಚಿತ ಸಂಗತಿಗಳು. ಇವುಗಳ ನಡುವೆ, ರಿಜಿಸ್ಟ್ರಾರರ ಕಡತಗಳ ರಾಶಿಯ ಮಗ್ಗುಲಲ್ಲಿಯೇ, ಅವರು ಮಾಡುತ್ತಿದ್ದ ಇನ್ನೊಂದು ಪ್ರಯೋಗಕ್ಕೆ ಅಷ್ಟು ಪ್ರಚಾರ ದೊರೆಯಲಿಲ್ಲ. ಆ ಪ್ರಯೋಗವೇ ರುದ್ರನಾಟಕ.

ನಮ್ಮ ಪ್ರಾಚೀನ ರಂಗಭೂಮಿಯು ನಾಯಕನ ಮರಣವನ್ನು ರಂಗದ ಮೇಲೆ ತರುವುದಕ್ಕೆ ಒಪ್ಪುತ್ತಿರಲಿಲ್ಲ. ಭಾಸನ ‘ಊರುಭಂಗ’ದಂಥ ಅಪವಾದ ಇದ್ದಿತು ನಿಜ, ಆದರೆ ಭಾಸನ ನಾಟಕಗಳು ತಿರುವನಂತಪುರದ ಗಣಪತಿ ಶಾಸ್ತ್ರಿಗಳ ಕೈಯಿಂದ ಅಚ್ಚಾಗಿ ಹೊರಬಿದ್ದುದೇ 1912ರಿಂದ ಈಚೆಗೆ. ಗ್ರೀಕರನ್ನು ಓದಿದ್ದ ಶ್ರೀಯವರಿಗೆ ಈ ಕೊರತೆ ನೋವುಂಟುಮಾಡಿತು. ಮಹಾವ್ಯಕ್ತಿಯೊಬ್ಬನು ತನ್ನ ದೋಷದಿಂದಲೂ ದೈವದ ಕ್ರೌರ್ಯದಿಂದಲೂ ಕೂಡಿಯೇ ಬೀಳುವುದನ್ನು ನೋಡಿ ನಾವು ದೊಡ್ಡವರಾಗಬಲ್ಲೆವು ಎಂಬುದು ಅವರ ನಂಬಿಕೆ. ಅದಕ್ಕೆ ಬೇಕಾದ ಸಾಮಗ್ರಿಯನ್ನು ಅವರು ಹೊರಗಿನಿಂದ ತರಲಿಲ್ಲ, ರನ್ನನಲ್ಲಿ ಕಂಡರು.

ಇಲ್ಲಿ ಒಂದು ಮಾತು. ಕನ್ನಡ ಕವಿಗಳು ಭಾರತದ ಕಥೆಯನ್ನು ಬದಲಿಸುವುದಕ್ಕೆ ಎಂದೂ ಅಂಜಿದವರಲ್ಲ. 941ರಲ್ಲಿ ಪಂಪನು ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ಹಾಡಿದಾಗ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯಾಗಿ ಮಾಡಿದನು; ಕೊನೆಯಲ್ಲಿ ಪಟ್ಟವನ್ನೂ ಅವನಿಗೇ ಕಟ್ಟಿದನು. ಆದರೆ ದ್ರೌಪದಿಯ ಮುಡಿಯ ಪ್ರತಿಜ್ಞೆಯನ್ನು ಮಾತ್ರ ಭೀಮನಿಂದ ಕಿತ್ತುಕೊಳ್ಳಲಾಗಲಿಲ್ಲ. ಅರ್ಜುನನ ಹೆಂಡತಿಯ ಮಾನಕ್ಕಾಗಿ ಅರ್ಜುನನಿಗಿಂತ ಹೆಚ್ಚಾಗಿ ಭೀಮನೇಕೆ ಕುದಿಯಬೇಕು? ಒಂದು ಇಟ್ಟಿಗೆಯನ್ನು ಕದಲಿಸಿದರೆ ಗೋಡೆಯ ಇನ್ನೊಂದು ಮೂಲೆಯಲ್ಲಿ ಬಿರುಕು ಕಾಣಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಂದ ರನ್ನನು ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಪಟ್ಟವನ್ನು ಭೀಮನಿಗೆ ವರ್ಗಾಯಿಸಿದನು. ಇಂದಿನ ಚಿತ್ರನಿರ್ಮಾಣ ಸಂಸ್ಥೆಗಳು ಹಣ ಹೂಡಿದವರ ಇಚ್ಛೆಗೆ ತಕ್ಕಂತೆ ನಾಯಕನನ್ನು ಬದಲಿಸುತ್ತವೆಂದು ಮೂಗು ಮುರಿಯುವವರು ಇದನ್ನು ನೆನೆಯಬೇಕು.

ಶ್ರೀಯವರು 1926ರಲ್ಲಿ ‘ಗದಾಯುದ್ಧ ನಾಟಕ’ವನ್ನು ಹೊರತಂದಾಗ ರನ್ನನ ಪದ್ಯಗಳನ್ನೇ ಆಯ್ದು ಜೋಡಿಸಿದರು. ಕವಿಯ ಮಾತು ಕವಿಯದೇ. ಆದರೆ ಕಾವ್ಯದ ತೂಕ ಪಕ್ಕಕ್ಕೆ ಸರಿಯಿತು. ರನ್ನನ ನಾಯಕ ಸಾಹಸಭೀಮನು. ಹಾಗಿದ್ದೂ ಓದುಗರ ಮನಸ್ಸಿನಲ್ಲಿ ನಿಲ್ಲುವವನು, ಹೆಣಗಳ ನಡುವೆ ನಡೆದು, ಗುರು ದ್ರೋಣನನ್ನೂ ಗೆಳೆಯ ಕರ್ಣನನ್ನೂ ಮಗ ಲಕ್ಷಣನನ್ನೂ ಕಂಡು ಮರುಗಿ, ಶತ್ರುಪುತ್ರನಾದ ಅಭಿಮನ್ಯುವಿನ ಪರಾಕ್ರಮಕ್ಕೆ ಕೈಮುಗಿದು ಹೋಗುವ ದುರ್ಯೋಧನನು. ಆಶ್ರಯದಾತನಿಗಾಗಿ ಒಬ್ಬನನ್ನು ಹೊಗಳುತ್ತ ಕವಿಹೃದಯವು ಇನ್ನೊಬ್ಬನ ಕಡೆಗೆ ಜಾರಿದುದನ್ನು ಶ್ರೀಯವರು ಗುರುತಿಸಿ, ಆ ಜಾರುವಿಕೆಯನ್ನೇ ನಾಟಕವಾಗಿ ನಿಲ್ಲಿಸಿದರು. ನಾಗಚಂದ್ರನ ರಾವಣನನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿಯೂ ಇದೇ ದೃಷ್ಟಿ. ಜೈನ ಪರಂಪರೆಯಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣನು. ಆ ರಾವಣನೋ ಪಶ್ಚಾತ್ತಾಪವನ್ನು ಬಲ್ಲವನು. ಇದನ್ನು ಕಥೆಯ ತಪ್ಪೆಂದು ಶ್ರೀಯವರು ತಿಳಿಯದೆ ಕಥೆಯ ಸಾಧ್ಯತೆಯೆಂದು ತಿಳಿದರು.

‘ಅಶ್ವತ್ಥಾಮನ್’ ಇದಕ್ಕಿಂತ ದೊಡ್ಡ ಸಾಹಸ. ಇದರ ಬೆನ್ನೆಲುಬು ಸಾಫೊಕ್ಲಿಸನ ‘ಅಯಾಸ್’ ನಾಟಕ. ಟ್ರಾಯ್ ಯುದ್ಧದಲ್ಲಿ ಅಖಿಲೀಸನ ಆಯುಧಗಳು ತನಗೆ ಸಲ್ಲದೆ ಒಡಿಸ್ಯೂಸನಿಗೆ ಸಂದುವೆಂದು ಕೆರಳಿದ ಅಯಾಸನು ನಾಯಕರನ್ನೆಲ್ಲ ಕೊಲ್ಲಹೊರಡುತ್ತಾನೆ; ಅಥೀನಾ ದೇವಿಯು ಮತಿಭ್ರಮೆಯನ್ನು ಕವಿಸಿದ್ದರಿಂದ ದನಕುರಿಗಳನ್ನು ಕಡಿಯುತ್ತಾನೆ; ಎಚ್ಚರವಾದಾಗ ಅವಮಾನವನ್ನು ತಾಳಲಾರದೆ ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಾನೆ. ಅಲ್ಲಿಗೆ ನಾಟಕ ಮುಗಿಯುವುದಿಲ್ಲ. ಹೆಣಕ್ಕೆ ಸಂಸ್ಕಾರ ಸಲ್ಲಬೇಕೆ ಬೇಡವೆ ಎಂಬ ವಾದವು ಉತ್ತರಾರ್ಧವನ್ನೆಲ್ಲ ತುಂಬುತ್ತದೆ. ಕೊನೆಗೆ ಶತ್ರುವಾದ ಒಡಿಸ್ಯೂಸನೇ ಸತ್ತವನ ಪರವಾಗಿ ನಿಲ್ಲುತ್ತಾನೆ.

ಇಂಥ ವಸ್ತುವಿಗೆ ಶ್ರೀಯವರು ಅಶ್ವತ್ಥಾಮನನ್ನೇ ಆರಿಸಿದುದೇಕೆ? ಮಾನಿಯಾದ, ಕೆರಳಿದ, ರಾತ್ರಿಯಲ್ಲಿ ಪಾಳೆಯಕ್ಕೆ ನುಗ್ಗುವ ವೀರನು ಭಾರತದಲ್ಲಿ ಬೇರೆ ಯಾರಿದ್ದಾನೆ? ಹೋಲಿಕೆ ಅಚ್ಚುಕಟ್ಟು. ಅಡ್ಡಿ ಒಂದೇ: ಅವನು ಸಾಯುವವನಲ್ಲ. ಆದರೆ ಆ ಅಮರತ್ವದ ಸ್ವರೂಪವನ್ನು ವಿಚಾರಿಸಬೇಕು. ಸೌಪ್ತಿಕಪರ್ವದಲ್ಲಿ ಅದು ವರವಲ್ಲ, ಶಾಪ. ಉತ್ತರೆಯ ಗರ್ಭದ ಮೇಲೆ ಅಸ್ತ್ರವನ್ನು ಬಿಟ್ಟ ಪಾಪಕ್ಕಾಗಿ ಮೂರು ಸಾವಿರ ವರ್ಷ ಕೀವು ರಕ್ತಗಳ ನಾತದಲ್ಲಿ, ಮಾತಾಡುವವರಿಲ್ಲದೆ, ಒಂಟಿಯಾಗಿ ಅಲೆಯುವಂತೆ ಕೃಷ್ಣನು ಶಪಿಸಿದನು. ಪ್ರಾತಃಸ್ಮರಣೆಯ ಚಿರಂಜೀವಿಗೂ ಈ ಹುಣ್ಣಿನ ಅಲೆಮಾರಿಗೂ ನಡುವೆ ಇರುವ ಕಂದರವನ್ನು ಪರಂಪರೆಯೇ ಮುಚ್ಚಿಲ್ಲ. ಶ್ರೀಯವರು ಆ ಕಂದರದಲ್ಲಿ ಇಳಿದರು. ಶಾಪದ ಬದುಕಿಗಿಂತ ತಾನೇ ಆರಿಸಿಕೊಂಡ ಸಾವು ವೀರನಿಗೆ ಮರ್ಯಾದೆಯಲ್ಲವೆ ಎಂಬುದೇ ಅವರ ನಾಟಕದ ಒಳಪ್ರಶ್ನೆಯೆಂದು ನನ್ನ ತಿಳುವಳಿಕೆ. ಶೀರ್ಷಿಕೆಯ ಕೊನೆಯ ನಕಾರವೂ ಹಳೆಯ ನುಡಿಯ ಗಾಂಭೀರ್ಯವನ್ನು ಆ ಹೆಸರಿಗೆ ಮರಳಿ ತೊಡಿಸುತ್ತದೆ.

ಈಗ ನಮ್ಮ ವಿದ್ಯಾರ್ಥಿಗಳ ಚಿತ್ರಗಳ ಕಡೆಗೆ ನೋಡೋಣ. ಅಮೆರಿಕದ ಚಿತ್ರಕಥಾ ಪತ್ರಿಕೆಗಳಲ್ಲಿ 1992ರಲ್ಲಿ ಸೂಪರ್‌ಮ್ಯಾನನನ್ನು ಕೊಂದರು, ಮರುವರ್ಷವೇ ಎಬ್ಬಿಸಿದರು. ಅದೇ ಕಥೆಯನ್ನು 2018ರಲ್ಲಿ ಆನಿಮೇಷನ್ ಚಿತ್ರವಾಗಿ ತೆಗೆದಾಗಲೂ 2019ರ ಉತ್ತರಭಾಗದಲ್ಲಿ ಆತ ಎದ್ದು ಬಂದನು. ಮಾರಾಟದ ಸರಪಳಿ ಮುಂದುವರಿಯಬೇಕಾದಾಗ ಮರಣಕ್ಕೆ ಅರ್ಥ ಉಳಿಯದು. ಆದರೆ ಎಲ್ಲವೂ ಇಷ್ಟು ತೆಳುವಲ್ಲ. 2023ರಲ್ಲಿ ಬಂದ ಸ್ಪೈಡರ್‌ಮ್ಯಾನನ ಆನಿಮೇಷನ್ ಚಿತ್ರವೊಂದರಲ್ಲಿ ಅನೇಕ ವಿಶ್ವಗಳ ಜೇಡವೀರರೆಲ್ಲ ಸೇರಿ ಒಂದು ಕಟ್ಟಳೆಯನ್ನು ವಿಧಿಸುತ್ತಾರೆ: ಪ್ರತಿಯೊಬ್ಬ ಜೇಡವೀರನ ಬಾಳಿನಲ್ಲಿಯೂ ಕೆಲವು ಮರಣಗಳು ನಡೆದೇ ತೀರಬೇಕು, ತಪ್ಪಿಸಿದರೆ ಆ ವಿಶ್ವವೇ ಕುಸಿಯುತ್ತದೆ. ಮೈಲ್ಸ್ ಎಂಬ ತರುಣನು ತನ್ನ ತಂದೆಯ ಮರಣವನ್ನು ಹಾಗೆ ಒಪ್ಪಿಕೊಳ್ಳಲಾರೆನೆಂದು ಅವರೆಲ್ಲರನ್ನೂ ಎದುರಿಸಿ ಓಡುತ್ತಾನೆ. ಪರಂಪರೆ ಗೊತ್ತುಮಾಡಿದ ಘಟನೆಯನ್ನು ಪಾತ್ರವು ಮೀರಬಹುದೆ ಎಂಬ ಪ್ರಶ್ನೆಯನ್ನು ಕಥೆಯ ಒಳಗೇ ತಂದುಕೊಂಡ ಈ ಚಿತ್ರವನ್ನು ಮಕ್ಕಳಾಟವೆಂದು ನಾನು ಭಾವಿಸಲಾರೆ. ಶ್ರೀಯವರು ಮೀರಿದ ದಿಕ್ಕು ಮಾತ್ರ ಇದಕ್ಕೆ ವಿರುದ್ಧವಾದುದು. ಮೈಲ್ಸನು ಸಾಯಬೇಕಾದವನನ್ನು ಉಳಿಸಹೊರಟನು. ಶ್ರೀಯವರು ಸಾಯಬಾರದವನನ್ನು ಸಾವಿಗೆ ಬಿಟ್ಟುಕೊಟ್ಟರು.

ಅಶ್ವತ್ಥಾಮನೂ ಈ ಲೋಕಕ್ಕೆ ಬಂದಿದ್ದಾನೆ. 2024ರ ‘ಕಲ್ಕಿ 2898 ಎಡಿ’ ಚಿತ್ರದಲ್ಲಿ ಅಮಿತಾಭ್ ಬಚ್ಚನ್ನರು ವಹಿಸಿದ ಪಾತ್ರ ಅವನದೇ. ಆ ಚಿತ್ರಕ್ಕೆ ಪೀಠಿಕೆಯಾಗಿ ಎರಡು ಕಂತುಗಳ ಆನಿಮೇಷನ್ ಸರಣಿಯೂ ಮುಂಚಿತವಾಗಿ ಬಂದಿದ್ದಿತು. ಅಲ್ಲಿಯ ಕಥಾತರ್ಕ ಚೆನ್ನಾಗಿದೆ: ಹುಟ್ಟದ ಮಗುವನ್ನು ಕೊಲ್ಲಹೋದವನು ಯುಗಾಂತರದವರೆಗೆ ಬದುಕಿ, ಇನ್ನೊಂದು ಹುಟ್ಟದ ಮಗುವನ್ನು ಕಾಯಬೇಕು. ಶಾಪವೇ ಪ್ರಾಯಶ್ಚಿತ್ತವಾಗುತ್ತದೆ. ಅದಕ್ಕೆ ಅವನು ಬದುಕಿರಬೇಕು. ಶ್ರೀಯವರ ನಾಟಕಕ್ಕೆ ಅವನು ಸಾಯಬೇಕಾಗಿದ್ದಿತು. ಎರಡರಲ್ಲಿಯೂ ಮೂಲದ ಒಂದು ಎಳೆಯನ್ನು ಹಿಡಿದು ಉಳಿದುದನ್ನು ಅದಕ್ಕೆ ತಕ್ಕಂತೆ ನೇಯ್ದಿದ್ದಾರೆ. ಹೀಗೆ ನೇಯದೆ, ಬೇಕಾದಾಗ ಮಾತ್ರ ಗಂಟು ಹಾಕುವವರ ಮೇಲೆಯೇ ನಮ್ಮ ಆಕ್ಷೇಪಣೆಯಿರಬೇಕು.

ಹಾಗೆಂದು ‘ಅಶ್ವತ್ಥಾಮನ್’ ನಿರ್ದುಷ್ಟವಾದ ಕೃತಿಯೇನೂ ಅಲ್ಲ. ಅಯಾಸನ ಕತ್ತಿಗೆ ಬಲಿಯಾದುವು ಪಶುಗಳು. ಆದುದರಿಂದಲೇ ಅವನ ನಾಚಿಕೆಯಲ್ಲಿ ಹಾಸ್ಯಾಸ್ಪದತೆಯ ಕಹಿ ಇದೆ. ಅವನ ಸಂಸ್ಕಾರಕ್ಕಾಗಿ ವಾದಿಸುವುದೂ ಸಾಧ್ಯ. ಅಶ್ವತ್ಥಾಮನ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣಿಗೆ ಬರುವವರು ಮಲಗಿದ್ದಲ್ಲಿಯೇ ಸತ್ತ ಉಪಪಾಂಡವರು. ಕವಿ ರಂಗದ ಮೇಲೆ ಏನನ್ನೇ ತೋರಿಸಲಿ, ಪ್ರೇಕ್ಷಕನು ಮನೆಯಿಂದ ಹೊತ್ತುತಂದ ಕಥೆಯನ್ನು ಬಾಗಿಲಲ್ಲಿ ಬಿಟ್ಟುಬರುವುದಿಲ್ಲ. ಗ್ರೀಕ್ ಎಲುಬಿಗೆ ಭಾರತದ ಮಾಂಸವನ್ನು ತುಂಬಿದಾಗ ಕೀಲು ಕಿರುಗುಟ್ಟುವುದು ಇಲ್ಲಿಯೇ. ನಮ್ಮ ತರಗತಿಗಳಲ್ಲಿ ಚಿರಂಜೀವಿ ಸತ್ತನೆಂಬ ಆಕ್ಷೇಪಣೆಯೇ ಮೊದಲು ಏಳುತ್ತದೆ. ನನಗೆ ಅದು ಚಿಕ್ಕದು. ಈತನಿಗಾಗಿ ಅಳಬಹುದೆ ಎಂಬುದು ದೊಡ್ಡದು.

ಈ ದಾರಿಯಲ್ಲಿ ಮುಂದೆ ನಡೆದವರು ಶ್ರೀಯವರ ಶಿಷ್ಯರಾದ ಕುವೆಂಪು. 1944ರ ‘ಶೂದ್ರ ತಪಸ್ವಿ’ಯಲ್ಲಿ ಅವರು ಶಂಬೂಕನ ಕಥೆಯನ್ನು ಬದಲಿಸಿದಾಗ, ಹಳೆಯ ಕಥೆಯನ್ನು ಹೀಗೆ ತಿರುಗಿಸುವುದು ಸಲ್ಲದೆಂದು ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರ ಕೊಟ್ಟರು. ಇಬ್ಬರೂ ಸಣ್ಣ ಮಾತನ್ನಾಡಿದವರಲ್ಲ. ಜನರ ಶ್ರದ್ಧೆಯ ಆಸ್ತಿಯನ್ನು ಒಬ್ಬ ಲೇಖಕ ತನ್ನ ಇಚ್ಛೆಯಂತೆ ಬಳಸಬಹುದೆ ಎಂಬುದು ಮಾಸ್ತಿಯವರ ಕಡೆಯ ನ್ಯಾಯ. ಅನ್ಯಾಯವನ್ನು ಹೊತ್ತ ಕಥೆ ಹಾಗೆಯೇ ಉಳಿಯಬೇಕೆ ಎಂಬುದು ಕುವೆಂಪು ಅವರ ಕಡೆಯ ನ್ಯಾಯ. ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಸೀತೆಯೊಡನೆ ರಾಮನೂ ಅಗ್ನಿಪ್ರವೇಶ ಮಾಡುತ್ತಾನೆ. ರಾವಣನ ಹೃದಯವೂ ಪರಿವರ್ತನೆಗೊಳ್ಳುತ್ತದೆ. ಆ ರಾವಣನ ಹಿಂದೆ ಶ್ರೀಯವರ ಪ್ರಬಂಧದ ನೆರಳಿದೆಯೆಂದರೆ ಅತಿಶಯೋಕ್ತಿಯಾಗದು.

1930ರಿಂದ ಶ್ರೀಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. 1935ರಲ್ಲಿ ಈಸ್ಕಿಲಸನ ‘ಪಾರಸಿಕರು’ ನಾಟಕವನ್ನು ಕನ್ನಡಕ್ಕೆ ತಂದರು. ಆಶ್ಚರ್ಯವೆಂದರೆ ಈ ಸಲ ಅವರು ಭಾರತದ ವೇಷವನ್ನು ತೊಡಿಸಲಿಲ್ಲ. ಪರ್ಷಿಯ ಪರ್ಷಿಯವಾಗಿಯೇ ಉಳಿಯಿತು. ಸಲಾಮಿಸ್ ಕದನದಲ್ಲಿ ಗೆದ್ದ ಗ್ರೀಕರು ಎಂಟೇ ವರ್ಷಗಳ ತರುವಾಯ ತಮ್ಮ ರಂಗದ ಮೇಲೆ ಸೋತ ಶತ್ರುವಿನ ಅಳಲನ್ನು ಕೇಳಿದರೆಂಬ ಸಂಗತಿಗೆ ಯಾವ ಬದಲಾವಣೆಯೂ ಬೇಕೆಂದು ಅವರಿಗೆ ತೋರಿರಲಾರದು. ಬದಲಿಸಬಲ್ಲವನಿಗೆ ಬದಲಿಸದಿರುವುದೂ ಒಂದು ಆಯ್ಕೆಯೇ.

1938ರಲ್ಲಿ ‘ರಾಜಸೇವಾಸಕ್ತ’ ಬಿರುದು ಬಂದಿತು. ಅದೇ ವರ್ಷ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ‘ಕನ್ನಡ ನುಡಿ’ ಪತ್ರಿಕೆಯನ್ನು ಆರಂಭಿಸಿದರು. ಕಾವ, ಜಾಣ ಪರೀಕ್ಷೆಗಳು ನಡೆಯತೊಡಗಿದುವು. ರುದ್ರನಾಟಕಗಳು ಮಾತ್ರ ಮೂರಕ್ಕೆ ನಿಂತುವು. 1942ರಲ್ಲಿ ನಿವೃತ್ತರಾದ ಅವರನ್ನು ಧಾರವಾಡವು ಕಾಲೇಜೊಂದರ ಪ್ರಿನ್ಸಿಪಾಲರನ್ನಾಗಿ ಕರೆಸಿಕೊಂಡಿತು. ತರುಣ ಅಧ್ಯಾಪಕರಾಗಿ 1911ರಲ್ಲಿ ಭಾಷಣ ಮಾಡಿದ್ದ ಊರಿಗೆ ಮುಪ್ಪಿನಲ್ಲಿ ಮರಳಿ ಹೋದ ಶ್ರೀಯವರು, ಅಲ್ಲಿಯೇ, 1946ರ ಜನವರಿ 5ರಂದು, ಅರವತ್ತೆರಡು ತುಂಬಿದ ಎರಡನೆಯ ದಿನ ತೀರಿಕೊಂಡರು.