ಮುಳ್ಳು ಚುಚ್ಚಿ ನೋಡಿದ ಮೆಚ್ನಿಕಾಫ್



ಹೋದ ತಿಂಗಳು ಹೊಲದಿಂದ ಬರುವಾಗ ನನ್ನ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಅವ್ವ ಸೂಜಿಯಿಂದ ತೆಗೆದಳು, ಆದರೆ ಒಂದು ಚೂರು ಒಳಗೇ ಉಳಿಯಿತು. ಮೂರನೇ ದಿನಕ್ಕೆ ಪಾದ ಕೆಂಪಗೆ ಊದಿಕೊಂಡು ಕೀವು ತುಂಬಿತು, ರಾತ್ರಿಯೆಲ್ಲ ಜ್ವರ. ಆಸ್ಪತ್ರೆಯಲ್ಲಿ ಚೂರನ್ನು ತೆಗೆದು, ಧನುರ್ವಾಯು ಬರದ ಹಾಗೆ ಇಂಜೆಕ್ಷನ್ನೂ ಕೊಟ್ಟರು. ಕೀವು ಅಂದ್ರೆ ಕೆಟ್ಟ ರಕ್ತ ಅಂತ ನಾನು ತಿಳಿದಿದ್ದೆ. ಆದರೆ ಅದರಲ್ಲಿ ಹೆಚ್ಚಿನದು ನನಗಾಗಿ ಹೋರಾಡಿ ಸತ್ತ ಬಿಳಿ ರಕ್ತಕಣಗಳು ಅಂತ ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದರು. ಅವು ಹೋರಾಡುತ್ತವೆ ಅಂತ ಲೋಕಕ್ಕೆ ತೋರಿಸಿದವರು ಯಾರು ಅಂತ ಕೇಳಿದೆ. ಇಲ್ಯಾ ಮೆಚ್ನಿಕಾಫ್ ಎಂಬ ಹೆಸರು ಹೇಳಿದರು. ಅವರ ಬಗ್ಗೆ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೆಚ್ನಿಕಾಫರು ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಖಾರ್ಕಿವ್ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ಆಗ ಆ ಊರು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು, ಈಗ ಉಕ್ರೇನ್ ದೇಶದಲ್ಲಿದೆ. ಚಿಕ್ಕಂದಿನಿಂದ ಅವರಿಗೆ ಗಿಡಮರ, ಹುಳುಹುಪ್ಪಟೆ ಅಂದರೆ ಪ್ರಾಣ. ವಿಶ್ವವಿದ್ಯಾಲಯದ ನಾಲ್ಕು ವರ್ಷದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿದರು. ಆಮೇಲೆ ಸಮುದ್ರದ ಸಣ್ಣ ಜೀವಿಗಳನ್ನು ಅಭ್ಯಾಸ ಮಾಡುತ್ತಾ ಒಡೆಸ್ಸಾ ಊರಿನಲ್ಲಿ ಪ್ರಾಧ್ಯಾಪಕರಾದರು.

ಬುದ್ಧಿ ಇದ್ದಷ್ಟು ಸುಖ ಅವರಿಗೆ ಇರಲಿಲ್ಲ. 1869ರಲ್ಲಿ ಲುಡ್ಮಿಲಾ ಎಂಬವರನ್ನು ಮದುವೆಯಾದರು. ಕ್ಷಯ ರೋಗದಿಂದ ಬಳಲುತ್ತಿದ್ದ ಮದುಮಗಳನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತಂದರಂತೆ! ನಾಲ್ಕು ವರ್ಷ ಊರೂರು ಅಲೆದು ಆರೈಕೆ ಮಾಡಿದರೂ 1873ರಲ್ಲಿ ಆಕೆ ತೀರಿಕೊಂಡರು. ಮೆಚ್ನಿಕಾಫರಿಗೆ ಬದುಕೇ ಬೇಡ ಅನ್ನಿಸಿತ್ತು. ಹೇಗೋ ಉಳಿದುಕೊಂಡರು. ಎರಡು ವರ್ಷದ ಮೇಲೆ ಓಲ್ಗಾ ಅವರನ್ನು ಮದುವೆಯಾದ ಮೇಲೆ ಮನೆಯಲ್ಲಿ ಮತ್ತೆ ದೀಪ ಹಚ್ಚಿದಂತಾಯಿತು.

1882ರಲ್ಲಿ ಕೆಲಸ ಬಿಟ್ಟು ಸಂಸಾರದೊಂದಿಗೆ ಇಟಲಿಯ ಮೆಸ್ಸಿನಾ ಊರಿಗೆ ಹೋದರು. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನ ಕೋತಿಯಾಟ ನೋಡಲು ಹೋಗಿದ್ದರು. ಇವರು ಮಾತ್ರ ಸೂಕ್ಷ್ಮದರ್ಶಕದ ಮುಂದೆ ಕೂತು ನಕ್ಷತ್ರಮೀನಿನ ಮರಿಯನ್ನು ನೋಡುತ್ತಿದ್ದರು. ಆ ಮರಿ ಗಾಜಿನ ಹಾಗೆ ಪಾರದರ್ಶಕ, ಒಳಗೆ ಅಲೆದಾಡುವ ಜೀವಕೋಶಗಳು ಕಾಣುತ್ತವೆ. ಇವು ಸುಮ್ಮನೆ ಅಲೆಯುತ್ತವೆಯೋ, ಕಾವಲು ತಿರುಗುತ್ತವೆಯೋ ಎಂಬ ಯೋಚನೆ ಥಟ್ಟನೆ ಬಂತು. ತೋಟಕ್ಕೆ ಹೋಗಿ ಗುಲಾಬಿ ಮುಳ್ಳು ತಂದು ಮರಿಯ ಮೈಗೆ ಚುಚ್ಚಿದರು. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗಾಗೆದ್ದು ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು! ನನ್ನ ಪಾದದಲ್ಲಿ ಆದದ್ದೂ ಇದೇ ಅಲ್ಲವೇ?

ಹೀಗೆ ಮುತ್ತಿ ನುಂಗುವ ಕೋಶಗಳಿಗೆ ಫ್ಯಾಗೊಸೈಟ್, ಅಂದ್ರೆ ಭಕ್ಷಕ ಕೋಶ ಅಂತ ಹೆಸರಾಯಿತು. ಮುಂದೆ ನೀರಿನ ಚಿಗಟದಲ್ಲೂ ನೋಡಿದರು. ಒಳಹೊಕ್ಕ ಶಿಲೀಂಧ್ರದ ಬೀಜಕಗಳನ್ನು ಕೋಶಗಳು ಬೇಗ ನುಂಗಿದರೆ ಚಿಗಟ ಬದುಕುತ್ತಿತ್ತು, ಸೋತರೆ ಸಾಯುತ್ತಿತ್ತು. ಇದನ್ನು 1884ರಲ್ಲಿ ಪ್ರಕಟಿಸಿದರು.

ಆದರೆ ಬಹಳ ಜನ ಒಪ್ಪಲಿಲ್ಲ. ಬಿಳಿ ಕಣಗಳು ರೋಗಾಣುಗಳನ್ನು ಮೈತುಂಬ ಹೊತ್ತು ಹರಡುತ್ತವೆ ಅಂತ ಆಗಿನ ಪಂಡಿತರ ನಂಬಿಕೆ. ಜರ್ಮನಿಯ ವಿಜ್ಞಾನಿಗಳೋ, ಕಾಪಾಡುವುದು ರಕ್ತದ ದ್ರವ, ಕೋಶ ಅಲ್ಲ ಅಂದರು. 1888ರಲ್ಲಿ ಮೆಚ್ನಿಕಾಫರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿ, ಪ್ರಯೋಗದ ಮೇಲೆ ಪ್ರಯೋಗ ಮಾಡುತ್ತಾ ವಾದ ಮುಂದುವರಿಸಿದರು. ಕೊನೆಗೆ 1908ರ ನೊಬೆಲ್ ಬಹುಮಾನ ಇವರಿಗೂ, ರಕ್ತದ್ರವದ ಪಕ್ಷದ ಪಾಲ್ ಅರ್ಲಿಕ್ ಅವರಿಗೂ ಸೇರಿ ಬಂತು. ಇಬ್ಬರದೂ ನಿಜವೇ ಆಗಿತ್ತು. ರಕ್ತದಲ್ಲಿನ ಪ್ರತಿಕಾಯಗಳು ರೋಗಾಣುವಿಗೆ ಅಂಟಿಕೊಂಡರೆ ಭಕ್ಷಕ ಕೋಶಕ್ಕೆ ನುಂಗುವುದು ಸುಲಭ.

ಒಂದು ಪ್ರಶ್ನೆ ಮಾತ್ರ ಅವರ ಕಾಲಕ್ಕೆ ಬಿಡಿಸಲಾಗದೆ ಉಳಿಯಿತು. ಸುಮ್ಮನಿದ್ದ ಕೋಶ ಯುದ್ಧಕ್ಕೆ ಹೇಗೆ ಎದ್ದು ನಿಲ್ಲುತ್ತದೆ? ಇದು ಈಗ ಗೊತ್ತಾಗಿದೆ. ಕೋಶದೊಳಗೆ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನು ಇದೆ. ಇದನ್ನು 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಕಂಡುಹಿಡಿದರು. ಸಾಮಾನ್ಯ ಹೊತ್ತಿನಲ್ಲಿ ಇನ್ನೊಂದು ಪ್ರೋಟೀನು ಇದನ್ನು ಕಟ್ಟಿಹಾಕಿರುತ್ತದೆ, ಗೂಟಕ್ಕೆ ಕಟ್ಟಿದ ಎತ್ತಿನ ಹಾಗೆ. ರೋಗಾಣು ಕೋಶದ ಮೈ ಮುಟ್ಟಿದರೆ ಒಳಗೆ ಸುದ್ದಿ ಹೋಗುತ್ತದೆ, ಕಟ್ಟಿದ ಪ್ರೋಟೀನು ನಾಶವಾಗುತ್ತದೆ. ಬಿಡುಗಡೆಯಾದ ಪ್ರೋಟೀನು ಕೋಶಕೇಂದ್ರಕ್ಕೆ ನುಗ್ಗಿ ಡಿಎನ್‌ಎ ಮೇಲೆ ಕೂರುತ್ತದೆ. ಆಗ ಮುಚ್ಚಿಟ್ಟ ಪುಸ್ತಕದ ಪುಟ ತೆರೆದ ಹಾಗೆ ಕೆಲವು ಜೀನುಗಳ ನಕಲು ತಯಾರಾಗಿ, ಬೇರೆ ಕೋಶಗಳನ್ನು ಕರೆಯುವ ರಾಸಾಯನಿಕಗಳು ಹುಟ್ಟುತ್ತವೆ. ಊತ, ಜ್ವರ ಬರುವುದು ಹೀಗೆ. ತಮಾಷೆ ಏನು ಗೊತ್ತಾ? ಹಾಗೆ ತೆರೆಯುವ ಪುಟಗಳಲ್ಲಿ, ತನ್ನನ್ನು ಮತ್ತೆ ಕಟ್ಟಿಹಾಕುವ ಪ್ರೋಟೀನಿನ ಪುಟವೂ ಒಂದು! ಈ ಕಟ್ಟು ಸಡಿಲವಾಗಿ ಯುದ್ಧ ನಿಲ್ಲದೆ ಹೋದರೆ ನಮ್ಮ ಕೀಲುಗಳೇ ಹಾಳಾಗುವ ಸಂಧಿವಾತದಂಥ ಕಾಯಿಲೆ ಮುಂದುವರಿಯುತ್ತದೆ. ಏಳುವುದು ಎಷ್ಟು ಮುಖ್ಯವೋ ತಣ್ಣಗಾಗುವುದೂ ಅಷ್ಟೇ ಮುಖ್ಯ.

ಮೆಚ್ನಿಕಾಫರು ಹೇಳಿದ್ದೆಲ್ಲ ಸರಿಯಾಗಲಿಲ್ಲ. ಹುಳಿ ಹಾಲು, ಅಂದ್ರೆ ನಮ್ಮ ಮೊಸರಿನಂಥದ್ದು, ಆಯುಷ್ಯ ಹೆಚ್ಚಿಸುತ್ತದೆ ಅಂತ ನಂಬಿ ತಾವೂ ದಿನಾ ಕುಡಿಯುತ್ತಿದ್ದರು. ಮೊಸರು ಒಳ್ಳೆಯದೇ, ಆದರೆ ಆ ಮಾತು ಸಾಬೀತಾಗಿಲ್ಲ. 1916ರ ಜುಲೈ 15ರಂದು, 71ನೇ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಅವರ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇಟ್ಟರು.

ಬದುಕೇ ಬೇಡ ಅಂದುಕೊಂಡಿದ್ದ ಮನುಷ್ಯ ಅಂದು ಸೋತು ಹೋಗಿದ್ದರೆ ಮೆಸ್ಸಿನಾದ ಆ ಬೆಳಗನ್ನು ನೋಡುತ್ತಿರಲಿಲ್ಲ. ನನ್ನ ಕಾಲಿನ ಗಾಯ ಈಗ ಮಾಯ್ದಿದೆ, ಸಣ್ಣ ಕಲೆ ಉಳಿದಿದೆ. ಅದನ್ನು ನೋಡಿದಾಗೆಲ್ಲ ಆ ಗುಲಾಬಿ ಮುಳ್ಳು ನೆನಪಾಗುತ್ತದೆ. ಗೆಳೆಯರೇ, ಮುಳ್ಳು ಚುಚ್ಚಿದರೆ ಸೋಪು ನೀರಿನಿಂದ ತೊಳೆಯಿರಿ, ಊದಿದರೆ ಮುಚ್ಚಿಡದೆ ದೊಡ್ಡವರಿಗೆ ಹೇಳಿರಿ. ಮನಸ್ಸಿಗೆ ಮುಳ್ಳು ಚುಚ್ಚಿದರೂ ಹಾಗೇ ಹೇಳಿರಿ.

ಇಂತಿ ನಿಮ್ಮವ,
9ನೇ ತರಗತಿಯ ವಿದ್ಯಾರ್ಥಿ