ಊಟದ ಮೋಸ ಹಿಡಿದ ಹಾರ್ವೆ ವೈಲಿ

ಈ ಸಲದ ಗೋಡೆ ಪತ್ರಿಕೆಗೆ ನಾನು ಹಾರ್ವೆ ವಾಷಿಂಗ್ಟನ್ ವೈಲಿ ಎಂಬ ವಿಜ್ಞಾನಿಯ ಜೀವನ ಚರಿತ್ರೆಯನ್ನು ಬರೆದಿದ್ದೇನೆ. ನಾವು ತಿನ್ನುವ ಪದಾರ್ಥದಲ್ಲಿ ಏನು ಬೆರೆಸಿದ್ದಾರೆ ಅಂತ ಮೊದಮೊದಲು ಹಟ ಹಿಡಿದು ಕೇಳಿದವರಲ್ಲಿ ಇವರೂ ಒಬ್ಬರು.

ಬಾಲ್ಯ ಮತ್ತು ಓದು: ವೈಲಿಯವರು 1844ನೇ ಇಸವಿ ಅಕ್ಟೋಬರ್ 18ರಂದು ಅಮೆರಿಕದ ಇಂಡಿಯಾನಾ ರಾಜ್ಯದ ಕೆಂಟ್ ಎಂಬ ಊರಿನ ಹತ್ತಿರ ಜನಿಸಿದರು. ಮರದ ದಿಮ್ಮಿಗಳಿಂದ ಕಟ್ಟಿದ ಮನೆ. ತಂದೆ ರೈತರು. 1871ರಲ್ಲಿ ವೈದ್ಯ ಪದವಿ ಪಡೆದರೂ ಅವರಿಗೆ ರಸಾಯನಶಾಸ್ತ್ರದ ಮೇಲೇ ಪ್ರೀತಿ. 1874ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಮೊದಲ ರಸಾಯನಶಾಸ್ತ್ರ ಪ್ರಾಧ್ಯಾಪಕರಾದರು. ಪ್ರಾಧ್ಯಾಪಕರು ಸೈಕಲ್ ಹೊಡೆಯೋದು ಶೋಭೆಯಲ್ಲ ಅಂತ ಆಡಳಿತದವರು ಇವರನ್ನು ಬೈದಿದ್ದರಂತೆ!

1881ರಲ್ಲಿ ಸರ್ಕಾರದವರು ಹೇಳಿದ್ದಕ್ಕೆ ಪೇಟೆಯ ಜೇನುತುಪ್ಪ ಮತ್ತು ಸಕ್ಕರೆ ಪಾಕಗಳನ್ನು ಪರೀಕ್ಷೆ ಮಾಡಿದರು. ನೋಡಿದರೆ ಬಹಳಷ್ಟರಲ್ಲಿ ಗ್ಲೂಕೋಸ್ ಬೆರೆಸಿದ್ದರು! 1883ರಲ್ಲಿ ಅವರು ವಾಷಿಂಗ್ಟನ್ ನಗರಕ್ಕೆ ಹೋಗಿ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞರಾದರು.

ಬಣ್ಣದ ಕಥೆ: 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಕಲ್ಲಿದ್ದಲ ಡಾಂಬರಿನಿಂದ ಸಿಗುವ ವಸ್ತುವಿನಿಂದ ನೇರಳೆ ಬಣ್ಣ ತಯಾರಿಸಿದ. ಅದು ಬಟ್ಟೆಗೆ ಹಾಕುವ ಬಣ್ಣ. ಆಮೇಲೆ ಬೇರೆಯವರು ಕೆಂಪು, ಹಳದಿ, ಹಸಿರು ಎಲ್ಲಾ ಮಾಡಿದರು. ಸ್ವಲ್ಪ ಹಾಕಿದರೂ ಗಾಢ, ಬೆಲೆಯೂ ಕಮ್ಮಿ. ಹಾಗಾಗಿ ವ್ಯಾಪಾರಿಗಳು ಬೆಣ್ಣೆಗೂ ಮಿಠಾಯಿಗೂ ಅದನ್ನೇ ಹಾಕತೊಡಗಿದರು. ಕೆಟ್ಟ ಪದಾರ್ಥವೂ ಚೆನ್ನಾಗಿ ಕಾಣುತ್ತಿತ್ತು. ತಿನ್ನುವವರಿಗೆ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ.

ವಿಷದ ತಂಡ: ಆಹಾರ ಕೆಡದಂತೆ ಹಾಕುವ ಮದ್ದುಗಳಿಂದ ಏನಾಗುತ್ತದೆ ಅಂತ ತಿಳಿಯಲು ವೈಲಿಯವರು 1902ರಲ್ಲಿ 12 ಜನ ಯುವಕರನ್ನು ಸೇರಿಸಿದರು. ಮೂರು ಹೊತ್ತೂ ಪುಕ್ಕಟೆ ಊಟ. ಆದರೆ ಊಟದ ಜೊತೆ ಬೋರಾಕ್ಸ್ ತಿನ್ನಬೇಕು! ದಿನಾ ಅವರ ತೂಕ ನೋಡಿ ಬರೆದಿಡುತ್ತಿದ್ದರು. ಕೆಲವರಿಗೆ ತಲೆನೋವು, ಹೊಟ್ಟೆನೋವು ಬಂತು. ಆಮೇಲೆ ಫಾರ್ಮಾಲ್ಡಿಹೈಡ್ ಮುಂತಾದವನ್ನೂ ಪರೀಕ್ಷಿಸಿದರು. ಪತ್ರಿಕೆಯವರು ಇದಕ್ಕೆ ವಿಷದ ತಂಡ ಅಂತ ಹೆಸರಿಟ್ಟರು. ಈಗ ಯಾರೂ ಮನುಷ್ಯರ ಮೇಲೆ ಹೀಗೆ ಪರೀಕ್ಷೆ ಮಾಡಬಾರದು ಅಂತ ನನಗನ್ನಿಸುತ್ತದೆ. ಆದರೆ ಆ 12 ಜನರ ಧೈರ್ಯ ದೊಡ್ಡದು.

ಕಾನೂನು: ಮಹಿಳಾ ಸಂಘಗಳೂ ವೈಲಿಯವರ ಜೊತೆ ನಿಂತವು. 1906ರ ಜೂನ್ 30ರಂದು ಅಧ್ಯಕ್ಷ ರೂಸ್‌ವೆಲ್ಟ್ ಶುದ್ಧ ಆಹಾರ ಕಾನೂನಿಗೆ ಸಹಿ ಹಾಕಿದರು. ಡಬ್ಬದ ಚೀಟಿಯ ಮೇಲೆ ಸುಳ್ಳು ಬರೆಯುವಂತಿಲ್ಲ ಅಂತಾಯಿತು. ಪೇಟೆಯಲ್ಲಿದ್ದ ಸುಮಾರು 80 ಬಣ್ಣಗಳನ್ನು ಹೆಸ್ಸೆ ಎಂಬ ತಜ್ಞರು ಪರಿಶೀಲಿಸಿದರು. 1907ರಲ್ಲಿ ಉಳಿದದ್ದು ಬರೀ 7! ಆ 7ರಲ್ಲಿ ಒಂದಾದ ಕಿತ್ತಳೆ ಬಣ್ಣದ ಮಿಠಾಯಿ ತಿಂದು 1950ರಲ್ಲಿ ಮಕ್ಕಳು ಕಾಯಿಲೆ ಬಿದ್ದರು. ಆಮೇಲೆ ಅದನ್ನೂ ನಿಷೇಧಿಸಿದರು. ಅಂದರೆ ಒಂದು ಸಲ ಪರೀಕ್ಷೆ ಮಾಡಿ ಸುಮ್ಮನಿದ್ದರೆ ಸಾಲದು.

ಕೊನೆಯ ದಿನಗಳು: ಮೇಲಿನವರ ಜೊತೆ ಜಗಳವಾಗಿ ವೈಲಿಯವರು 1912ರಲ್ಲಿ ಕೆಲಸ ಬಿಟ್ಟರು. ಆದರೂ ಸುಮ್ಮನೆ ಕೂರಲಿಲ್ಲ. ಒಂದು ಪತ್ರಿಕೆಯ ಪ್ರಯೋಗಾಲಯ ಸೇರಿ ಪದಾರ್ಥಗಳನ್ನು ಪರೀಕ್ಷಿಸುತ್ತಾ ಬರೆಯುತ್ತಾ ಇದ್ದರು. 1930ರ ಜೂನ್ 30ರಂದು, ಕಾನೂನಿಗೆ ಸರಿಯಾಗಿ 24 ವರ್ಷ ತುಂಬಿದ ದಿನವೇ ತೀರಿಕೊಂಡರು.

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ನಮ್ಮಣ್ಣ ಕಬಡ್ಡಿ ಆಡ್ತಾನೆ. ಮೈ ಬರಲಿ ಅಂತ ಪೇಟೆಯಿಂದ ಮಾವಿನ ರುಚಿಯ ಪ್ರೋಟೀನ್ ಪುಡಿ ತಂದು ಹಾಲಿಗೆ ಹಾಕಿ ಕುಡಿಯುತ್ತಿದ್ದ. ಸ್ವಲ್ಪ ದಿನಕ್ಕೆ ಕೈಮೇಲೆ, ಬೆನ್ನಮೇಲೆ ದದ್ದು ಎದ್ದು ರಾತ್ರಿಯೆಲ್ಲಾ ತುರಿಕೆ. ಅಜ್ಜಿ ಬೆವರುಸಾಲೆ ಅಂದರು. ಡಾಕ್ಟರು ಮಾತ್ರ ಡಬ್ಬ ತರಿಸಿದರು. ಅದರ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 102 ಅಂತ ಇತ್ತು. ಅದು ಟಾರ್ಟ್ರಜೀನ್ ಎಂಬ ಹಳದಿ ಬಣ್ಣದ ಸಂಖ್ಯೆ. ನಮ್ಮ ದೇಶದಲ್ಲಿ ಇಂತಿಷ್ಟೇ ಅಂತ ಮಿತಿಯಲ್ಲಿ ಇದನ್ನು ಹಾಕಬಹುದು, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಎಲ್ಲೋ ಕೆಲವರಿಗೆ ಮಾತ್ರ ದದ್ದು, ತುರಿಕೆ ಬರುತ್ತದೆ. ಅದಕ್ಕೇ ಅಮೆರಿಕದಲ್ಲಿ ಈ ಬಣ್ಣದ ಹೆಸರನ್ನು ಬರೆಯಲೇಬೇಕು ಅಂತ 1979ರಲ್ಲಿ ನಿಯಮ ಮಾಡಿದರು. ಹಾಲಿನ ಪ್ರೋಟೀನಿನಿಂದಲೂ ದದ್ದು ಬರಬಹುದಂತೆ. ಆದರೆ ಅಣ್ಣ ದಿನಾ ಹಾಲು ಕುಡಿಯುವವನೇ. ಪುಡಿ ಬಿಟ್ಟ ಮೇಲೆ ದದ್ದು ಇಳಿಯಿತು. ಬಣ್ಣದ ಮೇಲೇ ಡಾಕ್ಟರಿಗೆ ಅನುಮಾನ. ಈಗ ಅವನು ನೆನೆಸಿದ ಕಡಲೆ, ಹೆಸರುಕಾಳು, ಮೊಟ್ಟೆ ತಿಂದೇ ಕಬಡ್ಡಿ ಆಡ್ತಾನೆ.

ನಮ್ಮ ಕರ್ನಾಟಕದಲ್ಲೂ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ಅವುಗಳಲ್ಲಿ ರೋಡಮಿನ್-ಬಿ ಎಂಬ ಬಟ್ಟೆಯ ಬಣ್ಣವೂ ಸಿಕ್ಕಿತ್ತು.

ಆದ್ದರಿಂದ ಗೆಳೆಯರೇ, ಜಾತ್ರೆಯಲ್ಲಿ ಮಿಠಾಯಿ ಜಾಸ್ತಿ ಕೆಂಪಗಿದ್ದರೆ ಆಸೆಪಡಬೇಡಿ. ಡಬ್ಬ, ಪೊಟ್ಟಣ ತಂದಾಗ ಹಿಂದಿನ ಸಣ್ಣ ಅಕ್ಷರ ಓದಿ. ಓದು ಬಾರದ ಅಜ್ಜ ಅಜ್ಜಿಗೆ ನೀವೇ ಓದಿ ಹೇಳಿ. ಆ ಅಕ್ಷರಗಳು ಅಲ್ಲಿಗೆ ಬರಲು ವೈಲಿಯವರಂಥವರು ಎಷ್ಟೋ ವರ್ಷ ಹೋರಾಡಿದ್ದಾರೆ.